ಪ್ರಾಗ್‌ನಲ್ಲಿ ರಾಜರ ದಾರಿಯನ್ನು ಉಲ್ಟಾ ನಡೆದೆ

ಬೊಹೀಮಿಯಾದ (ಈಗಿನ ಚೆಕ್ ದೇಶದ ಒಂದು ಭಾಗ) ರಾಜರು ಪಟ್ಟಾಭಿಷೇಕಕ್ಕೆ ಮೆರವಣಿಗೆ ಹೋಗುತ್ತಿದ್ದ ದಾರಿ ಪ್ರಾಗ್‌ನಲ್ಲಿ ಇವತ್ತಿಗೂ ಇದೆ. ಪೌಡರ್ ಟವರ್ ಹತ್ತಿರ ಶುರುವಾಗಿ, ಹಳೇ ಪಟ್ಟಣದ ಚೌಕ, ಚಾರ್ಲ್ಸ್ ಸೇತುವೆ ದಾಟಿ ಗುಡ್ಡದ ಮೇಲಿನ ಕೋಟೆಗೆ ಏರುತ್ತದೆ. ಜಾಸ್ತಿ ಜನ ಹೀಗೇ ಹತ್ತುತ್ತಾರೆ. ನಾನು ಮೇಲಿಂದ ಕೆಳಗೆ ಬಂದೆ. ರಾಜರಿಗೆ ಕುದುರೆ ಇತ್ತು, ನನಗಿರುವುದು ಮಂಡಿನೋವು.

22ನೇ ನಂಬರಿನ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್‌ನಲ್ಲಿ ಇಳಿದರೆ ಕೋಟೆಗಿಂತ ಮೇಲೆ ಇರುತ್ತೀರಿ. ಕಾಗದದ ಟಿಕೆಟ್ ಕೊಂಡರೆ ಸಾಲದು, ಟ್ರಾಮ್ ಹತ್ತಿದ ತಕ್ಷಣ ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ.

ಕೋಟೆಯೊಳಗಿನ ಸಂತ ವೀಟಸ್ ಕೆಥೆಡ್ರಲ್ ಕಟ್ಟಲು ಶುರುಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಬಾಗಿಲ ಕಡೆಯ ಭಾಗವೇ ಹೊಸದು. ಚೆಕ್ ಚಿತ್ರಕಾರ ಆಲ್ಫೊನ್ಸ್ ಮುಖಾ ಬಿಡಿಸಿದ ಬಣ್ಣದ ಗಾಜಿನ ಕಿಟಕಿ ಇರುವುದೂ ಇಲ್ಲೇ. ಒಳಗೆ ನಡೆದಷ್ಟೂ ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ. ಕೋಟೆಯೊಳಗೇ ಪುಟ್ಟ ಮನೆಗಳ ಸಾಲಿರುವ ಗೋಲ್ಡನ್ ಲೇನ್‌ನ ನೂಕುನುಗ್ಗಲು ನೋಡಿ ಅದನ್ನು ಬಿಟ್ಟೆ. ಬೇಜಾರೇನೂ ಆಗಲಿಲ್ಲ.

ನಾನು ನಿಜವಾಗಿ ಕಾಲ ಕಳೆದದ್ದು ಕೋಟೆಯಿಂದ ಇಳಿಯುವ ನೆರುದೋವಾ ಬೀದಿಯಲ್ಲಿ. ಇಲ್ಲಿ ಕತ್ತು ಎತ್ತಿಕೊಂಡೇ ನಡೆಯಬೇಕು. ಒಂದು ಬಾಗಿಲ ಮೇಲೆ ಮೂರು ಪಿಟೀಲು, ಇನ್ನೊಂದರ ಮೇಲೆ ಎರಡು ಸೂರ್ಯ, ಮತ್ತೊಂದರ ಮೇಲೆ ಚಿನ್ನದ ಬೀಗದ ಕೈ. ಮನೆಗೆ ನಂಬರ್ ಇಲ್ಲದ ಕಾಲದಲ್ಲಿ ಇವೇ ವಿಳಾಸ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ತಯಾರಿಸುವವರೇ ಇದ್ದರು. ನಂಬರ್ ಬಂದದ್ದು 1770ರಲ್ಲಿ, ರಾಣಿ ಮಾರಿಯಾ ತೆರೇಸಾ ಕಾಲಕ್ಕೆ, ಸೈನ್ಯಕ್ಕೆ ಸಿಗುವ ಗಂಡಸರ ಲೆಕ್ಕ ಹಿಡಿಯಲು. ಈಗಲೂ ಗೋಡೆ ಮೇಲೆ ಕೆಂಪು, ನೀಲಿ ಅಂತ ಎರಡೆರಡು ಫಲಕ ಇರುತ್ತವೆ. ಕೆಂಪು ಆ ಹಳೇ ಪದ್ಧತಿಯದು, ನೀಲಿ ಬೀದಿಯ ಲೆಕ್ಕದ್ದು. ಅಂಚೆಯವನಿಗೆ ತಲೆಕೆಡಲ್ವಾ ಅನ್ನಿಸಿತು.

ಈ ಕಡೆಯಿಂದ ಇಳಿದರೆ ಚಾರ್ಲ್ಸ್ ಸೇತುವೆ ತಲುಪುವ ಹೊತ್ತಿಗೆ ಜನವೋ ಜನ. ಅದೊಂದು ನಷ್ಟವನ್ನು ಒಪ್ಪಿಕೊಳ್ಳಬೇಕು. ಹಾಗಾಗಿ ಮೆಟ್ಟಿಲಿಳಿದು ಕಾಂಪಾ ದ್ವೀಪದ ಹುಲ್ಲಿನ ಮೇಲೆ ಕೂತು, 1357ರಲ್ಲಿ ಅಡಿಗಲ್ಲು ಬಿದ್ದ ಆ ಸೇತುವೆಯ ಕಮಾನುಗಳನ್ನು ಕೆಳಗಿನಿಂದಲೇ ನೋಡಿದೆ. ಮೇಲಿರುವ 30 ವಿಗ್ರಹಗಳಲ್ಲಿ ಬಹುಪಾಲು ನಕಲು, ಮೂಲ ಶಿಲ್ಪಗಳು ಮ್ಯೂಸಿಯಂ ಸೇರಿವೆ. ಸಂತನೆನಿಸಿಕೊಂಡ ಪಾದ್ರಿ ನೆಪೊಮುಕ್‌ನ ಜಾನ್‌ನ ಕಂಚಿನ ವಿಗ್ರಹ ಮಾತ್ರ 1683ರದ್ದೇ. 1393ರಲ್ಲಿ ಇವನನ್ನು ರಾಜನ ಅಪ್ಪಣೆಯಂತೆ ವ್ಲಟಾವಾ ನದಿಗೆ ಎಸೆದರು. ಅವನ ಪೀಠದ ಫಲಕ ಜನ ಮುಟ್ಟಿ ಮುಟ್ಟಿ ನಮ್ಮ ದೇವಸ್ಥಾನದ ಹೊಸ್ತಿಲಿನ ಹಿತ್ತಾಳೆಯ ಹಾಗೆ ಹೊಳೆಯುತ್ತದೆ.

ಹಳೇ ಪಟ್ಟಣದ ಚೌಕದಲ್ಲಿ 1410ರ ಖಗೋಳ ಗಡಿಯಾರ. ಗಂಟೆಗೊಮ್ಮೆ ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಯೇಸುವಿನ ಹನ್ನೆರಡು ಜನ ಶಿಷ್ಯರು ಕಿಟಕಿಯಲ್ಲಿ ಹಾದುಹೋಗುತ್ತಾರೆ, ಹುಂಜ ಕೂಗುತ್ತದೆ. ಎಲ್ಲರ ಮೊಬೈಲೂ ಮೇಲೆ. ಅದು ಮುಗಿದು ಜನ ಚದುರಿದ ಮೇಲೆ ಹತ್ತಿರ ಹೋಗಿ. ಹೊರಬಳೆಯ ಚಿನ್ನದ ಅಂಕಿಗಳು ಸೂರ್ಯಾಸ್ತದಿಂದ ಗಂಟೆ ಎಣಿಸುವ ಹಳೇ ಬೊಹೀಮಿಯನ್ ಲೆಕ್ಕ ತೋರಿಸುತ್ತವೆ. ಸೂರ್ಯ ಮುಳುಗುವ ಹೊತ್ತು ದಿನಾ ಬದಲಾಗುವುದರಿಂದ ಆ ಬಳೆಯೂ ಸರಿಯುತ್ತಿರುತ್ತದೆ. ಬೊಂಬೆಗಳ ಆಟಕ್ಕಿಂತ ನನಗೆ ಇದೇ ಇಷ್ಟವಾಯಿತು.

ಅಲ್ಲೇ ಪುರಸಭೆ ಕಟ್ಟಡದ ಪಕ್ಕ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. ಆಗ ಆಳುತ್ತಿದ್ದ ಹಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ವಿರುದ್ಧ ದಂಗೆಯೆದ್ದ 27 ಮುಂದಾಳುಗಳನ್ನು 1621ರ ಜೂನ್ 21ರಂದು ಇಲ್ಲಿ ಕೊಂದರು. ಗಡಿಯಾರ ನೋಡಲು ಬಂದವರು ಅವುಗಳ ಮೇಲೆಯೇ ನಿಂತಿರುತ್ತಾರೆ.

ಮಾಂಸ ತಿನ್ನದವರಿಗೆ ಕರಿದ ಚೀಸ್, ಆಲೂಗಡ್ಡೆ ಸಿಗುತ್ತದೆ. ಕಲ್ಲು ಹಾಸಿದ ಬೀದಿಗಳಿಗೆ ದಪ್ಪ ಅಟ್ಟೆಯ ಶೂ ಬೇಕು, ಚಪ್ಪಲಿ ಬೇಡ. ಪೌಡರ್ ಟವರ್ ತಲುಪಿದರೆ ಮೆಟ್ರೊ ಪಕ್ಕದಲ್ಲೇ ಇದೆ.