ಪೋಲಿಷ್‌ನ ಉದ್ದ ಗುಣವಾಚಕಗಳನ್ನು ನಾನು ಬಿಡಿಸುವ ಬಗೆ

‘ಜೆವ್ಯೆಂಚ್‌ಜೆಶೆಂಚೊಜೆವ್ಯೆಂಚೊಲೆತ್ನಿ’. ಅರ್ಥ ಇಷ್ಟೇ: 99 ವರ್ಷದ. ಪೋಲಿಷ್ ಲಿಪಿಯಲ್ಲಿ ಇದಕ್ಕೆ 33 ಅಕ್ಷರ. ಇಂಥ ಪದವನ್ನು ನಾನು ಎರಡು ಸಲ ಬಿಡಿಸುತ್ತೇನೆ, ಒಮ್ಮೆ ಉಚ್ಚಾರಕ್ಕೆ, ಒಮ್ಮೆ ಅರ್ಥಕ್ಕೆ. ಎರಡನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಕೆಡುತ್ತವೆ.

ಉಚ್ಚಾರಕ್ಕೆ ಸ್ವರ ಎಣಿಸಿದರೆ ಸಾಕು. ತಪ್ಪುವುದು ‘ಇ’ ಅಕ್ಷರದ ಹತ್ತಿರ. ಅದರ ಮುಂದೆ ಇನ್ನೊಂದು ಸ್ವರವಿದ್ದರೆ ಅದು ಸಾಮಾನ್ಯವಾಗಿ ಹಿಂದಿನ ವ್ಯಂಜನವನ್ನು ಮೆದುವಾಗಿಸುವ ಗುರುತು ಮಾತ್ರ. ಈ ಪದದಲ್ಲಿ ‘ಇ’ 9 ಸಲ ಬಂದಿದೆ; ಸ್ವರವಾಗಿ ಕೇಳಿಸುವುದು ಕೊನೆಯದೊಂದೇ. ಹಾಗಾಗಿ ಕಣ್ಣಿಗೆ 18 ಸ್ವರ, ಕಿವಿಗೆ 10: ಜೆ–ವ್ಯೆಂಚ್–ಜೆ–ಶೆಂ–ಚೊ–ಜೆ–ವ್ಯೆಂ–ಚೊ–ಲೆತ್–ನಿ. ಇಲ್ಲಿನ ಸೊನ್ನೆ ‘ಪಂಚ’ದ ಸೊನ್ನೆಯಂತೆಯೇ ನುಡಿಯುತ್ತದೆ, ಅದು ನಮಗೆ ಸಲೀಸು. ಒತ್ತಿ ಹೇಳಬೇಕಾದದ್ದು ಕೊನೆಯಿಂದ ಎರಡನೆಯದನ್ನು, ಅಂದರೆ ‘ಲೆತ್’. ಒತ್ತುವುದೆಂದರೆ ಎಳೆಯುವುದಲ್ಲ; ಪೋಲಿಷ್‌ನಲ್ಲಿ ಹ್ರಸ್ವ–ದೀರ್ಘದ ಭೇದವೇ ಇಲ್ಲ.

ಅರ್ಥಕ್ಕೆ ಬಾಲದಿಂದ ಸುಲಿಯುತ್ತೇನೆ. ಕೊನೆಯ ‘ಇ’ ಲಿಂಗ–ವಿಭಕ್ತಿಯ ಪ್ರತ್ಯಯ, ‘ನ್’ ಗುಣವಾಚಕ ಮಾಡುವ ಪ್ರತ್ಯಯ, ‘ಲೆತ್’ ವರ್ಷ. ಉಳಿದದ್ದು 90 ಮತ್ತು 9, ಎರಡಕ್ಕೂ ಕೊನೆಯಲ್ಲಿ ಜೋಡಣೆಯ ‘ಒ’. ನೂರು ‘ಸ್ತು’ ಆಗಿಯೇ ಸೇರುತ್ತದೆ, ಈ ‘ಒ’ ಬೇಡ: ಸ್ತುಲೆತ್ನಿ, ನೂರು ವರ್ಷದ.

ವಿಭಕ್ತಿ ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ. ‘–ಲೆತ್ನ್ಯೆಗೊ’ ಆದಾಗ ಕೊನೆಯ ‘ಇ’ಯೂ ಬರಿಯ ಗುರುತಾಗುತ್ತದೆ, ತುಂಡು 11 ಆಗುತ್ತವೆ, ಒತ್ತು ‘ನ್ಯೆ’ಗೆ ಜಾರುತ್ತದೆ.

ಉಚ್ಚಾರದ ಗೆರೆ ಮತ್ತು ಅರ್ಥದ ಗೆರೆ ಬೇರೆಬೇರೆ ಕಡೆ ಬೀಳುವುದನ್ನು ‘ನ್ಯೆಪ್ರವ್ದೊಪೊದೊಬ್ನಿ’ (ನಂಬಲಾಗದ) ಚೆನ್ನಾಗಿ ತೋರಿಸುತ್ತದೆ. ಬಾಯಿಗೆ ನ್ಯೆ–ಪ್ರವ್–ದೊ–ಪೊ–ದೊಬ್–ನಿ. ಅರ್ಥಕ್ಕೆ ನ್ಯೆ (ಅಲ್ಲದ) + ಪ್ರವ್ದ್ (ಸತ್ಯ) + ಒ + ಪೊದೊಬ್ (ಹೋಲು) + ನ್ + ಇ. ಸತ್ಯದ ‘ದ್’ ಮುಂದಿನ ತುಂಡಿಗೆ ಹೋಗಿಬಿಟ್ಟಿದೆ. ‘ತೊಂಬತ್ತೊಂಬತ್ತು’ ಎನ್ನುವಾಗ ತೊಂಬತ್ತಿನ ಕೊನೆಯ ‘ತ್’ ಒಂಬತ್ತಿನ ‘ಒ’ಗೆ ಅಂಟುವುದೂ ಹೀಗೆಯೇ.

ಆದರೆ ನಮ್ಮ ಲೋಪಸಂಧಿಯನ್ನು ಅಲ್ಲಿಗೆ ಒಯ್ಯಬಾರದು. ಐದು ಜನರ ಎಂಬರ್ಥದ ‘ಪ್ಯೆಂಚೊಒಸೊಬೊವಿ’ಯಲ್ಲಿ ಎರಡು ‘ಒ’ ಪಕ್ಕಪಕ್ಕ ಬರುತ್ತವೆ, ಎರಡನ್ನೂ ಬರೆಯಬೇಕು, ಎರಡನ್ನೂ ನುಡಿಯಬೇಕು: ಪ್ಯೆಂ–ಚೊ–ಒ–ಸೊ–ಬೊ–ವಿ, ಆರು. ಕನ್ನಡದ ನಾಲಿಗೆ ಒಂದನ್ನು ನುಂಗಿ ಐದು ಮಾಡುತ್ತದೆ. ನಾನು ಕಂಡ ತಪ್ಪುಗಳಲ್ಲಿ ತಿದ್ದಲು ಅತಿ ಕಷ್ಟವಾದದ್ದು ಇದೇ.

ಅರ್ಥ ಗೊತ್ತಿಲ್ಲದೆ ಉಚ್ಚಾರವೂ ಸಿಗದ ಪದಗಳಿವೆ. ‘ದ’ ಮತ್ತು ‘ಜ಼’ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಒಂದೇ ಧ್ವನಿ: ಪೊ–ಜೆಲ್–ನಿ, ಭಾಗಿಸಬಹುದಾದ. ‘ಪೊದ್’ (ಕೆಳಗೆ) ಉಪಸರ್ಗವಾದರೆ ಅವು ಒಡೆಯುತ್ತವೆ: ಪೊದ್–ಜ಼ೆಮ್–ನಿ, ನೆಲದಡಿಯ. ಬರವಣಿಗೆಯಲ್ಲಿ ಎರಡೂ ಪದಗಳ ಮೊದಲ ಆರು ಅಕ್ಷರ ಒಂದೇ. ಸಾಲಿನ ಕೊನೆಯಲ್ಲಿ ಮುರಿಯುವಾಗಲೂ ಉಪಸರ್ಗದ ಈ ಗೆರೆಯನ್ನೇ ಉಳಿಸಬೇಕು.

ಬಣ್ಣಗಳಲ್ಲಿ ಅಡ್ಡಗೆರೆಯೇ ಅರ್ಥ ಹೇಳುತ್ತದೆ. ‘ಯಸ್ನೊಚೆರ್ವೊನಿ’ ತಿಳಿಗೆಂಪು, ಒಂದೇ ಬಣ್ಣ, ಕೂಡಿಸಿ ಬರೆಯಬೇಕು. ‘ಬ್ಯವೊ-ಚೆರ್ವೊನಿ’ ಪೋಲೆಂಡ್ ಧ್ವಜದ ಬಿಳಿ ಮತ್ತು ಕೆಂಪು, ನಡುವೆ ಗೆರೆ ಬೇಕು. ಸಾಲು ಆ ಗೆರೆಯಲ್ಲೇ ಮುರಿದರೆ ಮುಂದಿನ ಸಾಲಿನ ಆರಂಭದಲ್ಲಿ ಗೆರೆಯನ್ನು ಮತ್ತೊಮ್ಮೆ ಹಾಕಬೇಕು.