ಭುಜಕ್ಕೆ ಬೀಗ: ಅಮೆರಿಕಾನಾ ಪಟ್ಟು ಕಲಿಯುವುದು ಹೇಗೆ?

ಗರಡಿಮನೆಯಲ್ಲಿ ಎದುರಾಳಿ ಚಿತ್ ಆದರೆ ಕುಸ್ತಿ ಮುಗಿಯಿತು. ನೆಲದ ಮೇಲಿನ ಸೆಣಸಾಟವೇ ಮುಖ್ಯವಾದ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಅಸಲಿ ಆಟ ಶುರುವಾಗುವುದೇ ಆಗ. ಹಾಗೆ ಅಂಗಾತ ಬಿದ್ದವರ ಭುಜ ತಿರುಚಿ ಸೋಲೊಪ್ಪಿಸಲು ಹೊಸಬರಿಗೆ ಮೊದಮೊದಲು ಹೇಳಿಕೊಡುವ ಪಟ್ಟು ಅಮೆರಿಕಾನಾ. ಜೂಡೊದಲ್ಲಿ ಇದು ಉದೆ-ಗರಾಮಿ.

ಜೊತೆಗಾರರ ಬಲಮಗ್ಗುಲಿಗೆ ಬಂದು, ಅವರ ಎದೆಯ ಮೇಲೆ ಎದೆಯಿಟ್ಟು ಅಡ್ಡಲಾಗಿ ಒರಗಿ. ಮೈಭಾರವೆಲ್ಲ ಅವರ ಮೇಲಿರಲಿ. ಇದೊಂದು ಸಡಿಲವಾದರೆ ಮುಂದಿನದೆಲ್ಲ ವ್ಯರ್ಥ.

ನಿಮ್ಮನ್ನು ತಳ್ಳಲು ಅವರು ಎಡಗೈ ಎತ್ತುತ್ತಾರೆ. ಆ ಮಣಿಕಟ್ಟನ್ನು ನಿಮ್ಮ ಎಡಗೈಯಲ್ಲಿ ಹಿಡಿದು, ಅಂಗೈ ಆಕಾಶ ನೋಡುವಂತೆ ಅವರ ತಲೆಯ ಪಕ್ಕದ ನೆಲಕ್ಕೆ ಒತ್ತಿ. ಹೆಬ್ಬೆರಳು ಸುತ್ತಬಾರದು, ಐದೂ ಬೆರಳು ಒಂದೇ ಕಡೆ ಇರಬೇಕು. ನಿಮ್ಮ ಮೊಣಕೈ ಅವರ ಕಿವಿಗೆ ಒತ್ತಿಕೊಂಡು ನೆಲದ ಮೇಲಿರಲಿ. ಬಳಿಕ ಬಲಗೈಯನ್ನು ಅವರ ಮೇಲ್ತೋಳಿನಡಿ ತೂರಿಸಿ, ನಿಮ್ಮದೇ ಎಡ ಮಣಿಕಟ್ಟನ್ನು ಹಿಡಿಯಿರಿ. ಬೀಗ ಬಿತ್ತು.

ಬಹಳ ಮಂದಿ ತಪ್ಪುವುದು ಇಲ್ಲಿಯೇ. ಬೀಗ ಬಿದ್ದ ಖುಷಿಗೆ ಎದೆ ಎತ್ತಿ, ತೋಳುಬಲದಿಂದ ಮೊಣಕೈಯನ್ನು ಮೇಲೆ ಜಗ್ಗುತ್ತಾರೆ. ಕೆಳಗಿನವರು ಆ ಸಂದಿಯಲ್ಲಿ ನುಸುಳಿಬಿಡುತ್ತಾರೆ. ಮೊದಲು ಕೆಳಕ್ಕೆ ಎಳೆಯಬೇಕು, ಎತ್ತುವುದು ಆಮೇಲೆ. ಅಂಗಳ ಸಾರಿಸುವಾಗ ಕೈ ನೆಲ ಬಿಡುವುದಿಲ್ಲವಲ್ಲ, ಹಾಗೆಯೇ ಅವರ ಕೈಯ ಹಿಂಬದಿಯನ್ನು ನೆಲಕ್ಕೆ ಅಂಟಿಸಿಟ್ಟೇ ಸೊಂಟದ ಕಡೆಗೆ ಸರಿಸಿ. ಅವರ ಮೊಣಕೈ ಪಕ್ಕೆಲುಬಿನ ಹತ್ತಿರ ಬಂದ ಮೇಲಷ್ಟೇ ಅದನ್ನು ಮೆಲ್ಲನೆ ಎತ್ತಿ. ಸರಿಯಾಗಿ ಮಾಡಿದರೆ ಒಂದೆರಡು ಅಂಗುಲ ಸಾಕು.

ಮೆಲ್ಲನೆ ಎಂದದ್ದು ಬಾಯಿಮಾತಿಗಲ್ಲ. ಮೊಣಕೈಯನ್ನು ಸನ್ನೆಗೋಲಿನಂತೆ ಬಳಸಿ ಭುಜದ ಕೀಲನ್ನೇ ತಿರುಗಿಸುತ್ತಿದ್ದೀರಿ. ಒಂದು ಜಗ್ಗಿಗೆ ಸ್ನಾಯು ಹರಿದರೆ ತಿಂಗಳುಗಟ್ಟಲೆ ಅಭ್ಯಾಸ ನಿಲ್ಲುತ್ತದೆ. ಜೊತೆಗಾರರು ಸೋಲೊಪ್ಪಿ ನಿಮ್ಮ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿದ ಕ್ಷಣವೇ ಬಿಟ್ಟುಬಿಡಿ. ನಿಮ್ಮ ಸರದಿ ಬಂದಾಗ ನೋವಿಗೆ ಕಾಯದೆ, ಬಿಗಿತ ತಿಳಿಯುತ್ತಲೇ ತಟ್ಟಿ. ಮೊದಲ ದಿನಗಳಲ್ಲಿ ತರಬೇತುದಾರರು ಪಕ್ಕದಲ್ಲಿ ಇರಲೇಬೇಕು.

ಕೆಲವರು ಸಿಕ್ಕ ಕೈಯನ್ನು ಕಾಲಿನ ದಿಕ್ಕಿಗೆ ತಿರುಗಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆಗ ಅದೇ ಬೀಗವನ್ನು ತಲೆಕೆಳಗು ಮಾಡಿ ಹಾಕಬಹುದು. 1951ರಲ್ಲಿ ರಿಯೊ ಡಿ ಜನೈರೊದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ, ಬ್ರೆಜಿಲಿನ ಜಿಯು-ಜಿಟ್ಸು ಗುರು ಹೇಲಿಯೊ ಗ್ರೇಸಿಯವರನ್ನು ಸೋಲಿಸಿದ್ದು ಆ ಪಟ್ಟಿನಿಂದಲೇ. ಬ್ರೆಜಿಲಿನವರು ಅದನ್ನು ಇಂದಿಗೂ ಗೆದ್ದವರ ಹೆಸರಿನಿಂದ, ಕಿಮುರಾ ಎಂದೇ ಕರೆಯುತ್ತಾರೆ.