ಪೌತಿ ಖಾತೆ, ಪ್ರೊಬೇಟ್, ಹಕ್ಕು ಬಿಡುಗಡೆ: ಸಹಿ ಹಾಕುವ ಮೊದಲು ತಿಳಿಯಬೇಕಾದ ಪದಗಳು

ಮನೆಯ ಹಿರಿಯರು ತೀರಿಕೊಂಡು ಉತ್ತರಕ್ರಿಯೆ ಮುಗಿಯುವ ಹೊತ್ತಿಗೆ ನಾಡಕಚೇರಿ, ಬ್ಯಾಂಕು, ಉಪನೋಂದಣಿ ಕಚೇರಿಗಳ ಓಡಾಟ ಶುರುವಾಗುತ್ತದೆ. ಅರ್ಥ ತಿಳಿಯದ ಕಾಗದಗಳಿಗೆ ಸಹಿ ಬೀಳುವುದೂ ಆಗಲೇ. ಇಲ್ಲಿನ ವಿವರಣೆ ಕರ್ನಾಟಕದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಿಗೆ ಸಂಬಂಧಿಸಿದ್ದು. ಮುಸ್ಲಿಮರಿಗೂ ಕ್ರೈಸ್ತರಿಗೂ ನಿಯಮಗಳು ಬೇರೆ.

ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸ್ವಂತ ದುಡಿಮೆಯಿಂದ ಕೊಂಡದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಪಿತ್ರಾರ್ಜಿತ ಎನಿಸಿದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುವುದರಿಂದ, ತಂದೆ ತಮ್ಮ ಪಾಲಿನಷ್ಟಕ್ಕೆ ಮಾತ್ರ ಉಯಿಲು ಬರೆಯಬಲ್ಲರು. ಕರ್ನಾಟಕವು 1994ರಲ್ಲಿಯೇ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತ್ತು; 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು, ಮತ್ತು ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ವಿಭಾಗ ಪತ್ರದ ಮೂಲಕ ಆಗಿಹೋದ ಪಾಲುಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ಉಯಿಲು, ಮೃತ್ಯುಪತ್ರ, ವಿಲ್ ಎಲ್ಲವೂ ಒಂದೇ. ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು, ನೋಂದಣಿ ಕಡ್ಡಾಯವಲ್ಲ. ಉಯಿಲು ನಿಜವಾದದ್ದೆಂದು ನ್ಯಾಯಾಲಯ ದೃಢೀಕರಿಸಿ ಕೊಡುವ ಆದೇಶವೇ ಪ್ರೊಬೇಟ್. ಉಯಿಲನ್ನು ಜಾರಿಗೊಳಿಸಲು ಅದರಲ್ಲಿ ಹೆಸರಿಸಿದ ವ್ಯಕ್ತಿಗೆ, ಅಂದರೆ ಎಕ್ಸಿಕ್ಯೂಟರ್‌ಗೆ, ಅದು ಸಿಗುತ್ತದೆ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಅದು ಉಯಿಲಿನ ಸಾಚಾತನವನ್ನು ತೀರ್ಮಾನಿಸುತ್ತದೆಯೇ ಹೊರತು, ಆಸ್ತಿ ನಿಜಕ್ಕೂ ಬರೆದವರದ್ದಾಗಿತ್ತೇ ಎಂಬುದನ್ನಲ್ಲ.

ಉಯಿಲು ಇಲ್ಲದೆ ಪುರುಷರು ತೀರಿಕೊಂಡರೆ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಒಬ್ಬೊಬ್ಬರಿಗೂ ಸಮಪಾಲು. ತಂದೆ ಈ ವರ್ಗದಲ್ಲಿಲ್ಲ. ಮಗನನ್ನು ಕಳೆದುಕೊಂಡ ವೃದ್ಧ ತಾಯಿಗೂ ಪಾಲಿದೆಯೆಂಬುದನ್ನು ಎಷ್ಟೋ ಮನೆಗಳು ಮರೆಯುತ್ತವೆ. ಇದು ನನಗೆ ತುಂಬಾ ನೋವು ತರುವ ಸಂಗತಿ.

ವಂಶವೃಕ್ಷವನ್ನು ಕಂದಾಯ ಇಲಾಖೆ ಕೊಡುತ್ತದೆ. ಅದು ಕುಟುಂಬದವರು ಯಾರೆಂದು ತೋರಿಸುತ್ತದೆ, ಅಷ್ಟೇ. ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೊಡುವುದು ನ್ಯಾಯಾಲಯ. ಅದು ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ ಮಾತ್ರ, ಜಮೀನಿಗಲ್ಲ. ಬ್ಯಾಂಕಿನ ನಾಮಿನಿ ಹಣವನ್ನು ಪಡೆದುಕೊಳ್ಳುವ ಕೈ ಮಾತ್ರ, ಅದು ಸೇರಬೇಕಾದದ್ದು ವಾರಸುದಾರರಿಗೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಸಂಗಾತಿ, ಮಕ್ಕಳು, ತಂದೆತಾಯಿ ನಾಮಿನಿಗಳಾಗಿದ್ದರೆ ಸ್ಥಿತಿ ಬೇರೆ.

ಪೌತಿ ಖಾತೆಯೆಂದರೆ ತೀರಿಕೊಂಡವರ ಹೆಸರಿನಲ್ಲಿದ್ದ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ವಾರಸಿನಿಂದ ಹಕ್ಕು ಬಂದ ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ಖಾತೆ ಅಣ್ಣನೊಬ್ಬನ ಹೆಸರಿಗಾಯಿತೆಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ, ಏಕೆಂದರೆ ಕಂದಾಯ ದಾಖಲೆ ತಾನಾಗಿ ಒಡೆತನ ಕೊಡುವುದಿಲ್ಲ.

ಹಕ್ಕನ್ನು ನಿಜವಾಗಿ ಅಳಿಸುವುದು ಹಕ್ಕು ಬಿಡುಗಡೆ ಪತ್ರ. ಕೆಲವೆಡೆ ಇದನ್ನು ಹಕ್ಕು ಖುಲಾಸೆ ಪತ್ರ ಎನ್ನುತ್ತಾರೆ. ‘ಖಾತೆ ಬದಲಾವಣೆಗೆ ಒಂದು ಸಹಿ’ ಎಂದು ಹೇಳಿ ಅಕ್ಕತಂಗಿಯರ ಮುಂದೆ ಇಡುವ ಕಾಗದ ಹಲವು ಸಲ ಇದೇ ಆಗಿರುತ್ತದೆ. ನೋಂದಣಿಯಾದ ಮೇಲೆ ಅದನ್ನು ರದ್ದುಪಡಿಸಬೇಕಾದರೆ ಮೋಸವನ್ನೋ ಒತ್ತಾಯವನ್ನೋ ನ್ಯಾಯಾಲಯದಲ್ಲಿ ಸಾಬೀತುಮಾಡಬೇಕಾಗುತ್ತದೆ. ಆದ್ದರಿಂದ ಕಾಗದದ ತಲೆಬರಹವನ್ನು ನೀವೇ ಓದಿ. ‘ಬಿಡುಗಡೆ’ ಅಥವಾ ‘ಖುಲಾಸೆ’ ಎಂಬ ಪದ ಕಂಡರೆ ಅಂದು ಸಹಿ ಮಾಡದೆ, ಅದರ ಒಂದು ನಕಲನ್ನು ಕೇಳಿ ಪಡೆದು ನಿಮ್ಮದೇ ವಕೀಲರಿಗೆ ತೋರಿಸಿ. ಪೌತಿ ಖಾತೆಗೆ ಹಕ್ಕು ಬಿಟ್ಟುಕೊಡುವ ಅಗತ್ಯವಿಲ್ಲ. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿಯೇ ಅದನ್ನು ಮಾಡಿಸಬಹುದು.